ಊರಿನ ಕೊಳಚೆ ನೀರು: ಅದರ ಹಾದಿ ಮತ್ತು ಶುದ್ಧೀಕರಣ

ಒಂದು ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ಕೇಳಿದರೆ ಶಾಲೆಯ ಹುಡುಗನೂ ಉತ್ತರ ಹೇಳಬಲ್ಲನು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಹೇಮಾವತಿ, ನಾಲೆಯಲ್ಲಿ ಬಹುದೂರ ಹರಿದು, ಬುಗುಡನಹಳ್ಳಿಯ ಕೆರೆಯನ್ನು ತುಂಬಿ, ಅಲ್ಲಿಂದ ತುಮಕೂರಿನ ನಲ್ಲಿಗಳಿಗೆ ಬರುವುದೆಂಬುದು ನಮ್ಮಲ್ಲಿ ಮನೆಮಾತು. ಆದರೆ ಹಾಗೆ ಬಂದ ನೀರು ಪಾತ್ರೆ ತೊಳೆದು, ಬಟ್ಟೆ ಒಗೆದು, ಸ್ನಾನ ಶೌಚಗಳನ್ನು ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡುವವರು ವಿರಳ. ಕೇಳುವವರು ಅದಕ್ಕಿಂತಲೂ ವಿರಳ. ನಲ್ಲಿಯಲ್ಲಿ ಎರಡು ದಿನ ನೀರು ಬರದಿದ್ದರೆ ಕೊಡ ಹಿಡಿದು ಕಚೇರಿಯ ಮುಂದೆ ನಿಲ್ಲುವ ನಾವು, ಬಳಸಿ ಬಿಟ್ಟ ನೀರು ನಮ್ಮ ಬಾಗಿಲು ದಾಟಿದೊಡನೆಯೇ ಅದು ನಮ್ಮದಲ್ಲವೆಂದು ಮರೆತುಬಿಡುತ್ತೇವೆ.

ಈ ವಿಷಯ ಎಂಜಿನಿಯರಿಗೆ ಮಾತ್ರ ಸೇರಿದ್ದು, ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಇದರಿಂದ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಕೊಳವೆಯ ಅಳತೆಯನ್ನು ಎಂಜಿನಿಯರು ಹೇಳುವನು, ನಿಜ. ಆದರೆ ಆ ಕೊಳವೆ ಯಾವ ಬೀದಿಗೆ ಮೊದಲು ಹೋಗಬೇಕು, ಅದರ ಖರ್ಚನ್ನು ಯಾರು ಕೊಡಬೇಕು, ಅದು ಕಟ್ಟಿಕೊಂಡಾಗ ಯಾರು ಇಳಿಯಬೇಕು, ಅದರ ನೀರು ಯಾರ ಹೊಲದ ಪಕ್ಕಕ್ಕೆ ಬೀಳಬೇಕು ಎಂಬ ಪ್ರಶ್ನೆಗಳು ಅರ್ಥಶಾಸ್ತ್ರಕ್ಕೂ ರಾಜ್ಯಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಸೇರಿದವು. ಆದುದರಿಂದ ಈ ವಿಚಾರವನ್ನು ಆದಷ್ಟು ಸರಳವಾಗಿ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹಿಂದಿನ ಕಾಲದ ವ್ಯವಸ್ಥೆ

ನಮ್ಮ ಹಿರಿಯರ ಕಾಲದಲ್ಲಿ ಈ ತೊಂದರೆ ಇರಲಿಲ್ಲವೆ ಎಂದರೆ, ಇಷ್ಟು ಮಟ್ಟಿಗೆ ಇರಲಿಲ್ಲ. ಬಾವಿಯಿಂದ ಸೇದಿ ಹೊತ್ತು ತರಬೇಕಾದ ನೀರನ್ನು ಯಾರೂ ಧಾರಾಳವಾಗಿ ಚೆಲ್ಲುತ್ತಿರಲಿಲ್ಲ. ಬಚ್ಚಲ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ, ತೆಂಗಿನ ಪಾತಿಗೆ ಹೋಗುತ್ತಿತ್ತು. ಮಣ್ಣೂ ಬೇರೂ ಸೇರಿ ಅದನ್ನು ಹೀರಿಕೊಳ್ಳುತ್ತಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪ್ರತಿಯೊಂದು ಹಿತ್ತಿಲೂ ಒಂದು ಪುಟ್ಟ ಶುದ್ಧೀಕರಣ ಕೇಂದ್ರವೇ ಆಗಿತ್ತು. ನಲ್ಲಿ ಬಂದಿತು, ನೀರಿನ ಬಳಕೆ ಹೆಚ್ಚಿತು, ಹಿತ್ತಿಲು ಹೋಗಿ ಅಲ್ಲಿ ಇನ್ನೊಂದು ಮನೆ ಎದ್ದಿತು. ಹೀರುವ ಮಣ್ಣು ಕಡಿಮೆಯಾಗಿ ಹರಿಯುವ ನೀರು ಹೆಚ್ಚಾಯಿತು. ಸಣ್ಣ ಪಟ್ಟಣಗಳ ಚರಂಡಿಯ ಕಥೆಯೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ.

ಆದರೆ ಹಳೆಯದೆಲ್ಲವೂ ಚೆನ್ನಾಗಿತ್ತೆಂದು ಹೊಗಳುವಂತಿಲ್ಲ. ಬಚ್ಚಲ ನೀರು ಬಾಳೆಗೆ ಹೋಗುತ್ತಿದ್ದ ಅದೇ ಕಾಲದಲ್ಲಿ, ಪಟ್ಟಣಗಳ ಒಣ ಪಾಯಿಖಾನೆಗಳ ಮಲವನ್ನು ಮನುಷ್ಯರೇ ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದರು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಕೊಳಚೆಯೆಂದರೆ ಏನು?

ಕೊಳಚೆ ನೀರನ್ನು ಕಂಡರೆ ಅದರಲ್ಲಿ ಅರ್ಧದಷ್ಟು ಹೊಲಸೇ ಇದೆಯೆಂದು ತೋರುತ್ತದೆ. ವಾಸ್ತವವಾಗಿ ಮನೆಗಳಿಂದ ಬರುವ ಕೊಳಚೆಯಲ್ಲಿ ಸಾವಿರ ಪಾಲಿಗೆ 999 ಪಾಲು ಬರಿಯ ನೀರೇ. ಉಳಿದ ಒಂದು ಪಾಲಿನಲ್ಲಿ ಅನ್ನದ ಅಗುಳು, ಎಣ್ಣೆ, ಸೋಪು, ಮಲ, ಉಪ್ಪು, ಮರಳು, ರೋಗಾಣುಗಳು ಎಲ್ಲವೂ ಸೇರಿವೆ. ಶುದ್ಧೀಕರಣವೆಂದರೆ ಈ ಒಂದು ಪಾಲನ್ನು ಆ 999 ಪಾಲಿನಿಂದ ಬೇರ್ಪಡಿಸುವ ಕೆಲಸ.

ಕೊಳಚೆಯ ಬಲವನ್ನು ಅಳೆಯಲು ವಿಜ್ಞಾನಿಗಳು ಒಂದು ಜಾಣ ಉಪಾಯವನ್ನು ಕಂಡುಹಿಡಿದಿದ್ದಾರೆ. ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಅಣುಜೀವಿಗಳು ತಿನ್ನುತ್ತವೆ. ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತವೆ. ಕೊಳೆ ಹೆಚ್ಚಿದ್ದಷ್ಟೂ ಉಸಿರು ಹೆಚ್ಚು ಬೇಕು. ಹೀಗೆ ಒಂದು ಲೀಟರು ನೀರಿನ ಕೊಳೆಯನ್ನು ತಿನ್ನಲು ಅಣುಜೀವಿಗಳಿಗೆ ಗೊತ್ತಾದ ದಿನಗಳಲ್ಲಿ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕೋ, ಅದಕ್ಕೆ ಜೈವಿಕ ಆಮ್ಲಜನಕದ ಬೇಡಿಕೆ ಎಂದು ಹೆಸರು. ಇದೇ ಬಿ.ಓ.ಡಿ. ಎಂಬ ಅಳತೆ. ಮನೆಗಳ ಕೊಳಚೆಯಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುತ್ತದೆ. ಭಾರತ ಸರ್ಕಾರ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮಹಾನಗರಗಳಲ್ಲಿ ಇದು 20ಕ್ಕೂ ಉಳಿದ ಊರುಗಳಲ್ಲಿ 30ಕ್ಕೂ ಇಳಿದ ಮೇಲೆಯೇ ಸಂಸ್ಕರಿಸಿದ ನೀರನ್ನು ಹೊರಗೆ ಬಿಡಬೇಕು. ಇಷ್ಟು ಸಾಲದು, ಮಿತಿ ಇನ್ನೂ ಬಿಗಿಯಾಗಬೇಕು ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಆದೇಶಿಸಿತು.

ಒಂದು ಸಣ್ಣ ಲೆಕ್ಕ

ಗುಬ್ಬಿಯಂತಹ ಒಂದು ಪಟ್ಟಣವನ್ನು ತೆಗೆದುಕೊಳ್ಳೋಣ. ಲೆಕ್ಕಕ್ಕೆ ಸುಲಭವಾಗಲೆಂದು ಜನಸಂಖ್ಯೆಯನ್ನು 20 ಸಾವಿರವೆಂದು ಹಿಡಿಯೋಣ. ಒಳಚರಂಡಿಯುಳ್ಳ ಊರಿಗೆ ತಲೆಗೆ ದಿನವೊಂದಕ್ಕೆ 135 ಲೀಟರು ನೀರು ಕೊಡಬೇಕೆಂಬುದು ನಮ್ಮ ದೇಶದಲ್ಲಿ ಎಂಜಿನಿಯರುಗಳು ಅನುಸರಿಸುವ ಪ್ರಮಾಣ. ಕೊಟ್ಟದ್ದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹಿಂದಿರುಗುವುದೆಂದು ಲೆಕ್ಕ. ಹಾಗಾದರೆ ಊರಿಗೆ ದಿನಕ್ಕೆ ಬರುವ ನೀರು 27 ಲಕ್ಷ ಲೀಟರು. ಹೊರಡುವ ಕೊಳಚೆ 21 ಲಕ್ಷ 60 ಸಾವಿರ ಲೀಟರು. ಲೀಟರಿಗೆ 250 ಮಿಲಿಗ್ರಾಮಿನಂತೆ ಅದರ ಬಿ.ಓ.ಡಿ. ದಿನವೊಂದಕ್ಕೆ 540 ಕಿಲೋಗ್ರಾಂ ಆಗುತ್ತದೆ.

ಈ 540 ಕಿಲೋಗ್ರಾಮಿನ ಅರ್ಥವೇನು? ಒಳ್ಳೆಯ ಸ್ಥಿತಿಯಲ್ಲಿರುವ ಕೆರೆಯ ನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮೀನು ಉಸಿರಾಡುವುದು ಅದನ್ನೇ. ಭಾಗಿಸಿ ನೋಡಿದರೆ, ಒಂದು ಸಣ್ಣ ಊರಿನ ಒಂದು ದಿನದ ಕೊಳಚೆ 6 ಕೋಟಿ 75 ಲಕ್ಷ ಲೀಟರು ಕೆರೆನೀರಿನ ಉಸಿರನ್ನು ಹೀರಿಬಿಡಲು ಸಾಕು. ಗಾಳಿಯಿಂದಲೂ ಪಾಚಿಯಿಂದಲೂ ಕೆರೆಗೆ ಸ್ವಲ್ಪ ಆಮ್ಲಜನಕ ಮರಳಿ ಬರುವುದುಂಟು. ಆದರೆ ಕೊಳಚೆ ಪ್ರತಿದಿನವೂ ಬರುತ್ತದೆ. ಕೆರೆಗೆ ಚೇತರಿಸಿಕೊಳ್ಳಲು ರಜೆಯೆಂಬುದಿಲ್ಲ. ಮೀನು ಸತ್ತು ತೇಲುವುದು, ನೀರು ಕಪ್ಪಾಗುವುದು, ಕೊಳೆತ ಮೊಟ್ಟೆಯ ವಾಸನೆ ಏಳುವುದು ಇವೆಲ್ಲವೂ ಈ ಲೆಕ್ಕದ ಫಲವೇ. ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಗೊಬ್ಬರದಂತೆ ಕೆಲಸ ಮಾಡಿ ಜಲಕುಂಭಿಯನ್ನು ಹುಲುಸಾಗಿ ಬೆಳೆಸುತ್ತವೆ. ಹಸಿರು ಹಾಸಿದಂತೆ ಕಾಣುವ ಅಂತಹ ಕೆರೆ ವಾಸ್ತವವಾಗಿ ಉಸಿರುಕಟ್ಟಿದ ಕೆರೆ.

ನಮ್ಮ ಸೀಮೆಯ ಕೆರೆಗಳು ಒಂದಕ್ಕೊಂದು ಸರಪಣಿಯಂತೆ ಸೇರಿವೆಯೆಂಬುದನ್ನು ಮರೆಯಬಾರದು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಒಳಹರಿವು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರಿ, ಮುಂದೆ ಕಾವೇರಿಯನ್ನು ಕೂಡುತ್ತದೆ. ಕುಣಿಗಲ್ಲಿನ ದೊಡ್ಡ ಕೆರೆಯ ನಾಗಿನಿ ಹೊಳೆಯೂ ಶಿಂಷೆಯನ್ನೇ ಸೇರುವುದು. ಮೇಲಿನವರು ಬಿಟ್ಟದ್ದನ್ನು ಕೆಳಗಿನವರು ಕುಡಿಯಬೇಕು. ಕೆಳಗಿನವರಿಗೂ ಕೆಳಗೆ ಇನ್ನೊಂದು ಊರಿರುತ್ತದೆ.

ಶುದ್ಧೀಕರಣದ ಕ್ರಮ

ಕೊಳಚೆಯನ್ನು ಶುದ್ಧಮಾಡುವ ಕ್ರಮದಲ್ಲಿ ಮುಖ್ಯವಾಗಿ ನಾಲ್ಕು ಹಂತಗಳು.

ಮೊದಲನೆಯದು ಸೋಸುವುದು. ಕೊಳವೆಯಲ್ಲಿ ಬಂದ ನೀರು ಕಬ್ಬಿಣದ ಸರಳುಗಳ ಜಾಲರಿಯನ್ನು ದಾಟುತ್ತದೆ. ಚಿಂದಿ, ಪ್ಲಾಸ್ಟಿಕ್ ಚೀಲ, ಕಡ್ಡಿಗಳು ಅಲ್ಲಿಯೇ ನಿಲ್ಲುತ್ತವೆ. ಬಳಿಕ ನೀರಿನ ವೇಗವನ್ನು ತಗ್ಗಿಸಿ ಮರಳನ್ನು ಕೆಳಗೆ ಕೂರಿಸುತ್ತಾರೆ.

ಎರಡನೆಯದು ತಿಳಿಯಾಗಿಸುವುದು. ದೊಡ್ಡ ತೊಟ್ಟಿಯಲ್ಲಿ ನೀರನ್ನು ಒಂದೆರಡು ಗಂಟೆ ಬಹು ನಿಧಾನವಾಗಿ ಹರಿಯಬಿಟ್ಟರೆ ಭಾರವಾದ ಕಣಗಳು ತಳಕ್ಕಿಳಿದು ಕೆಸರಾಗುತ್ತವೆ. ಕಲಕಿದ ನೀರನ್ನು ಕೊಡದಲ್ಲಿ ಇಟ್ಟು ತಿಳಿಗೊಳಿಸುವ ನಮ್ಮ ಮನೆಯ ಕ್ರಮವೇ ಇದು.

ಮೂರನೆಯದು ಜೀವಿಗಳಿಂದ ತಿನ್ನಿಸುವುದು. ನೀರಿನಲ್ಲಿ ಕರಗಿದ ಕೊಳೆ ತಳಕ್ಕೆ ಇಳಿಯುವುದಿಲ್ಲ. ಅದನ್ನು ಅಣುಜೀವಿಗಳೇ ತಿನ್ನಬೇಕು. ತೊಟ್ಟಿಯೊಳಕ್ಕೆ ಯಂತ್ರದಿಂದ ಗಾಳಿಯೂದಿದರೆ ಅವು ಶೀಘ್ರವಾಗಿ ವೃದ್ಧಿಯಾಗಿ, ಕೊಳೆಯನ್ನು ತಿಂದು, ತಾವೇ ಮುದ್ದೆಗಟ್ಟಿ ಕೆಳಗಿಳಿಯುತ್ತವೆ. ಆ ಜೀವಂತ ಕೆಸರಿನ ಒಂದು ಭಾಗವನ್ನು ಹೆಪ್ಪಿನಂತೆ ಮರಳಿ ತೊಟ್ಟಿಗೆ ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕುವ ನಮ್ಮವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಈ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬವರು ಪ್ರಕಟಪಡಿಸಿದರು. ಅವರಿಗೆ ಪ್ರೇರಣೆಯಾದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಇಂದು ಜಗತ್ತಿನ ದೊಡ್ಡ ನಗರಗಳಲ್ಲಿ ನಡೆಯುವ ಒಂದು ವಿದ್ಯೆಯ ಮೂಲಪುರುಷರಲ್ಲಿ ಒಬ್ಬರು ನಮ್ಮಿಂದ ನಲವತ್ತೈದು ಮೈಲಿಯೊಳಗೆ ಪಾಠ ಹೇಳುತ್ತಿದ್ದರೆಂಬುದು ನಮಗೆ ತಿಳಿದಿರಬೇಕಾದ ಸಂಗತಿ.

ನಾಲ್ಕನೆಯದು ರೋಗಾಣುಗಳ ನಾಶ. ಕಾಲರಾ, ವಿಷಮಶೀತಜ್ವರ, ಕಾಮಾಲೆಗಳ ಬೀಜ ಕೊಳಚೆಯಲ್ಲಿರಬಹುದಾದುದರಿಂದ ಕ್ಲೋರಿನ್ ಮುಂತಾದವುಗಳಿಂದ ಅದನ್ನು ತಗ್ಗಿಸಬೇಕು. ನೀರು ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಅದು ನಿರಪಾಯವೆಂದು ತಿಳಿಯುವುದು ತಪ್ಪು.

ಭೀಮಸಂದ್ರದ ಕೊಳಗಳು

ಗಾಳಿಯೂದುವ ಯಂತ್ರಕ್ಕೆ ಹಗಲಿರುಳೂ ವಿದ್ಯುತ್ತು ಬೇಕು. ವಿದ್ಯುತ್ತು ನಿಂತರೆ ಅಣುಜೀವಿಗಳ ಉಸಿರೂ ನಿಲ್ಲುತ್ತದೆ. ಜಾಗವಿದ್ದು ಹಣ ಕಡಿಮೆಯಿರುವ ಊರಿಗೆ ಇನ್ನೊಂದು ಮಾರ್ಗವಿದೆ. ಅದೇ ಸ್ಥಿರೀಕರಣ ಕೊಳ. ಇಲ್ಲಿ ಗಾಳಿಯೂದುವವನು ಸೂರ್ಯ. ಒಂದೂವರೆ ಮೀಟರಿನಷ್ಟು ಆಳದ ವಿಶಾಲವಾದ ಕೊಳದಲ್ಲಿ ಕೊಳಚೆಯನ್ನು ಹಲವು ದಿನ ನಿಲ್ಲಿಸುತ್ತಾರೆ. ಬಿಸಿಲಿನಲ್ಲಿ ಪಾಚಿ ಬೆಳೆದು ಆಮ್ಲಜನಕವನ್ನು ಬಿಡುತ್ತದೆ; ಅದನ್ನು ಉಸಿರಾಡಿ ಅಣುಜೀವಿಗಳು ಕೊಳೆಯನ್ನು ತಿನ್ನುತ್ತವೆ; ಅವು ಬಿಟ್ಟ ಇಂಗಾಲಾಮ್ಲವನ್ನು ಪಾಚಿ ಆಹಾರ ಮಾಡಿಕೊಳ್ಳುತ್ತದೆ. ಒಬ್ಬರ ಎಂಜಲು ಇನ್ನೊಬ್ಬರ ಊಟ. ಕೊನೆಯ ಕೊಳದ ತೆಳುನೀರಿನಲ್ಲಿ ಬಿಸಿಲೇ ರೋಗಾಣುಗಳನ್ನು ಕೊಲ್ಲುತ್ತದೆ.

ತುಮಕೂರು ನಗರದ ಕೊಳಚೆಗಾಗಿ ಗುಬ್ಬಿಯ ದಾರಿಯಲ್ಲಿರುವ ಭೀಮಸಂದ್ರದ ಬಳಿ ಇಂತಹ ಕೊಳಗಳನ್ನು ಕಟ್ಟಿದರು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಬೆಂಗಳೂರಿನ ಸುತ್ತಲಿನ ಪಟ್ಟಣಗಳ ಸುಧಾರಣೆಗೆಂದು 1990ರ ದಶಕದಲ್ಲಿ ಕೈಗೊಂಡ ಯೋಜನೆಯಲ್ಲಿ ಮೈಸೂರು, ರಾಮನಗರ, ಚನ್ನಪಟ್ಟಣಗಳೊಡನೆ ತುಮಕೂರೂ ಸೇರಿತ್ತು. ಭೀಮಸಂದ್ರದ ಕೊಳಗಳ ಶಕ್ತಿ ದಿನಕ್ಕೆ ಸುಮಾರು ಎರಡೂವರೆ ಕೋಟಿ ಲೀಟರು. 2011ರ ಜನಗಣತಿಯಲ್ಲಿ ತುಮಕೂರಿನ ಜನಸಂಖ್ಯೆ 3 ಲಕ್ಷವನ್ನು ದಾಟಿತು. ಮೇಲಿನ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿದರೆ, ಎಲ್ಲರಿಗೂ ಪೂರ್ಣ ಪ್ರಮಾಣದ ನೀರು ದೊರೆತ ದಿನ ಹೊರಡುವ ಕೊಳಚೆ 3 ಕೋಟಿ 24 ಲಕ್ಷ ಲೀಟರಿಗೆ ಕಡಿಮೆಯಿಲ್ಲ. ಊರು ಬೆಳೆಯುವ ವೇಗಕ್ಕೂ ಕೊಳ ಬೆಳೆಯುವ ವೇಗಕ್ಕೂ ಇರುವ ಅಂತರ ಇದರಿಂದಲೇ ತಿಳಿಯುತ್ತದೆ. ಕುಡಿಯುವ ನೀರಿನ ಯೋಜನೆಯೊಡನೆ ಅಷ್ಟೇ ಅಳತೆಯ ಕೊಳಚೆ ನೀರಿನ ಯೋಜನೆಯೂ ಹುಟ್ಟದಿದ್ದರೆ, ನಾವು ತಂದುಕೊಂಡ ಹೇಮಾವತಿಯೇ ಕೊಳಚೆಯಾಗಿ ನಮ್ಮ ಕೆರೆಗಳಿಗೆ ಸೇರುವಳು.

ಗುಬ್ಬಿಯ ಅಳತೆಯ ಊರಿಗೆ ಎಷ್ಟು ಜಾಗ ಬೇಕಾದೀತು? ದಿನಕ್ಕೆ 2,160 ಘನ ಮೀಟರು ಕೊಳಚೆಯನ್ನು 15 ದಿನ ನಿಲ್ಲಿಸಬೇಕಾದರೆ 32,400 ಘನ ಮೀಟರು ಹಿಡಿಯುವ ಕೊಳ ಬೇಕು. ಒಂದೂವರೆ ಮೀಟರು ಆಳವಾದರೆ ನೀರಿನ ಹರವು ಐದೂಕಾಲು ಎಕರೆಗೆ ಸ್ವಲ್ಪ ಮೇಲೆ; ಏರಿ, ದಾರಿ, ಕೆಸರು ಒಣಗಿಸುವ ಜಾಗ ಸೇರಿ ಎಂಟು ಎಕರೆ ಎನ್ನೋಣ. ಸಣ್ಣ ಊರಿಗೆ ಇದು ಅಸಾಧ್ಯವಾದ ಮಾತಲ್ಲ. ಆದರೆ ಕೊಳವನ್ನು ಕಟ್ಟಿ ಬಿಟ್ಟರೆ ಸಾಲದು. ತಳದ ಕೆಸರನ್ನು ಕೆಲವು ವರ್ಷಗಳಿಗೊಮ್ಮೆ ತೆಗೆಯಬೇಕು. ದಡದ ಕಳೆ ಕೀಳಬೇಕು. ಇಲ್ಲದಿದ್ದರೆ ಕೊಳ ಸೊಳ್ಳೆಯ ತೊಟ್ಟಿಲಾಗುವುದು.

ಒಳಚರಂಡಿ ಇಲ್ಲದ ಕಡೆ

ಊರಿನ ಎಲ್ಲ ಬೀದಿಗಳಿಗೂ ಒಳಚರಂಡಿ ಹಾಕುವುದು ಬಹು ವೆಚ್ಚದ, ಬಹು ವರ್ಷಗಳ ಕೆಲಸ. ಅದು ಬರುವವರೆಗೆ ಮನೆಮನೆಯಲ್ಲೂ ಮಲಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದು ತುಂಬಿದಾಗ ಲಾರಿಯ ಟ್ಯಾಂಕರು ಬಂದು ಹೀರಿಕೊಂಡು ಹೋಗುತ್ತದೆ. ಎಲ್ಲಿಗೆ ಹೋಯಿತೆಂದು ಮನೆಯವರು ಕೇಳುವುದಿಲ್ಲ. ಶುದ್ಧೀಕರಣದ ಸ್ಥಳ ಇಲ್ಲದ ಊರಿನಲ್ಲಿ ಅದು ಹಳ್ಳಕ್ಕೋ ಬಯಲಿಗೋ ಸೇರುತ್ತದೆ.

ಈ ತೊಡಕಿಗೆ ಉತ್ತರ ಕಂಡುಕೊಂಡ ಊರು ನಮ್ಮ ನೆರೆಯಲ್ಲಿಯೇ ಇದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಮಲಗುಂಡಿಯ ಕೆಸರನ್ನೇ ಶುದ್ಧಮಾಡುವ ಕೇಂದ್ರವೊಂದು ಆರಂಭವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂತಹ ಕೇಂದ್ರಗಳಲ್ಲಿ ಭಾರತದಲ್ಲಿಯೇ ಇದು ಮೊದಲನೆಯದು. ಅದರ ಶಕ್ತಿ ದಿನಕ್ಕೆ 6,000 ಲೀಟರು ಮಾತ್ರ. ಟ್ಯಾಂಕರು ತಂದ ಕೆಸರು ಮುಚ್ಚಿದ ತೊಟ್ಟಿಗಳಲ್ಲಿ ಹುದುಗಿ, ಆಮೇಲೆ ಮರಳಿನ ಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಬೇರೆ ತೊಟ್ಟಿಗಳಲ್ಲಿಯೂ ಗಿಡಗಳ ಪಾತಿಯಲ್ಲಿಯೂ ಶುದ್ಧವಾಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಡನೆ ಸೇರಿಸಿ ಗೊಬ್ಬರ ಮಾಡುತ್ತಾರೆ.

ನಾಲ್ಕು ಸಾವಿರ ಮನೆಗಳ ಊರೊಂದರಲ್ಲಿ ಪ್ರತಿ ಗುಂಡಿಯನ್ನೂ ಮೂರು ವರ್ಷಕ್ಕೊಮ್ಮೆ ಖಾಲಿಮಾಡಿದರೆ, ವರ್ಷಕ್ಕೆ 300 ಕೆಲಸದ ದಿನಗಳಂತೆ, ದಿನಕ್ಕೆ ನಾಲ್ಕೈದು ಟ್ಯಾಂಕರುಗಳಾಗುತ್ತವೆ. ಇದೇನೂ ಕೈಮೀರಿದ ಕೆಲಸವಲ್ಲ. ಆದರೆ ಮಲಗುಂಡಿಯ ವ್ಯವಸ್ಥೆಯಿಂದ ಬಚ್ಚಲ ನೀರಿನ ತೊಂದರೆ ತೀರುವುದಿಲ್ಲ. ಅದಕ್ಕೆ ಬೇರೆ ಹಾದಿಯನ್ನು ಮಾಡಲೇಬೇಕು.

ಗುಂಡಿಗೆ ಇಳಿಯುವವರು

ಇಷ್ಟು ಹೊತ್ತು ಲೀಟರು ಮಿಲಿಗ್ರಾಮುಗಳ ಮಾತಾಯಿತು. ಇನ್ನು ಮನುಷ್ಯರ ಮಾತು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಮಲ ಹೊರಿಸುವುದರ ವಿರುದ್ಧ 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾನೂನುಗಳು ಬಂದವು. ಈ ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸದ ಕುಟುಂಬಗಳವರು ತಮ್ಮ ಅಳಲನ್ನು ಕೇಳುವವರಿಲ್ಲದೆ, ಸಾರ್ವಜನಿಕವಾಗಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾಗರಿಕರೆನಿಸಿಕೊಂಡ ನಾವೆಲ್ಲರೂ ತಲೆತಗ್ಗಿಸಬೇಕಾದ ದಿನವದು.

ತಲೆಯ ಮೇಲಿನ ಬುಟ್ಟಿ ಹೋಯಿತು; ಗುಂಡಿಗೆ ಇಳಿಯುವುದು ಪೂರ್ತಿ ಹೋಗಲಿಲ್ಲ. ಮುಚ್ಚಿದ ಗುಂಡಿಯಲ್ಲಿ ಕೊಳೆಯುವ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ. ಆದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಸ್ವಲ್ಪವಿದ್ದಾಗ ದುರ್ವಾಸನೆ ಬೀರುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದು ಧೈರ್ಯದಿಂದ ಇಳಿದವನು ಕೆಲವು ಉಸಿರಿನಲ್ಲಿ ಬೀಳುತ್ತಾನೆ. ಅವನನ್ನು ಎತ್ತಲೆಂದು ಇಳಿದ ಗೆಳೆಯನೂ ಬೀಳುತ್ತಾನೆ. ಇಂತಹ ಸಾವಿಗೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಆಜ್ಞೆ ಮಾಡಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೀರುವ ಯಂತ್ರವಿರುವಾಗ ಮನುಷ್ಯನನ್ನು ಇಳಿಸುವುದು ಅಪರಾಧವೆಂದು ಎಲ್ಲರಿಗೂ ತಿಳಿದಿರಬೇಕು. ಸ್ವಲ್ಪ ಹಣ ಉಳಿಯುವುದೆಂದು ಮನೆಯ ಗುಂಡಿಗೆ ಒಬ್ಬ ಬಡವನನ್ನು ಇಳಿಸುವ ಗೃಹಸ್ಥನೂ ಇದರಲ್ಲಿ ಪಾಲುಗಾರನೇ. ಜಾಲರಿಯಲ್ಲಿ ನಿಲ್ಲಬೇಕಾದ ಚಿಂದಿಯನ್ನು ನಾವು ಪಾಯಿಖಾನೆಗೆ ಎಸೆದರೆ ಅದು ಕೊಳವೆಯನ್ನು ಕಟ್ಟುತ್ತದೆ. ಕಟ್ಟಿದ ಕೊಳವೆ ಒಬ್ಬನನ್ನು ಕರೆಯುತ್ತದೆ. ನಮ್ಮ ಅಜಾಗರೂಕತೆಗೂ ಅವನ ಪ್ರಾಣಕ್ಕೂ ಇಷ್ಟು ಹತ್ತಿರದ ಸಂಬಂಧವಿದೆ.

ಶುದ್ಧವಾದ ನೀರಿನ ಉಪಯೋಗ

ಸರಿಯಾಗಿ ಶುದ್ಧವಾದ ಕೊಳಚೆ ನೀರು ಕಸವಲ್ಲ, ಸಂಪತ್ತು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಲ್ಲಿ ಅಂತರ್ಜಲ ಏರಿತೆಂದು ಸಂತೋಷಪಟ್ಟವರೂ ಉಂಟು. ಶುದ್ಧೀಕರಣ ಎರಡು ಹಂತಕ್ಕೆ ನಿಲ್ಲದೆ ಮೂರನೆಯ ಹಂತವೂ ಆಗಬೇಕೆಂದು ವಾದಿಸಿದವರೂ ಉಂಟು. ಎರಡು ಪಕ್ಷದಲ್ಲಿಯೂ ಸತ್ಯವಿದೆ. ನೀರು ಬೇಕು, ಆದರೆ ಅದನ್ನು ಆಗಾಗ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದೆ ಇಡಬೇಕು. ತೆಂಗು ಅಡಕೆಗಳ ನಮ್ಮ ಸೀಮೆಯಲ್ಲಿ ಇಂತಹ ನೀರು ಮರದ ಬೆಳೆಗಳಿಗೆ ಒದಗಬಲ್ಲದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಮಾತ್ರ ಕೊಳಚೆಯನ್ನು ಹಾಗೆಯೇ ಹಾಯಿಸಲೇಬಾರದು.

ನಮ್ಮ ಕರ್ತವ್ಯ

ಊರಿನ ಚರಂಡಿಯ ಹೊಣೆ ಸ್ಥಳೀಯ ಸಂಸ್ಥೆಯದೆಂದು 1964ರ ಪುರಸಭೆಗಳ ಕಾನೂನು ಹೇಳುತ್ತದೆ. ನೀರನ್ನು ಕೆಡಿಸದಂತೆ ತಡೆಯಲು 1974ರ ಜಲಮಾಲಿನ್ಯ ಕಾನೂನೂ ಅದೇ ವರ್ಷ ಸ್ಥಾಪಿತವಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯೂ ಇವೆ. ಕಾನೂನಿಗೆ ಕೊರತೆಯಿಲ್ಲ; ಕೇಳುವ ಪ್ರಜೆಗಳಿಗೆ ಕೊರತೆ. ವಿಶ್ವೇಶ್ವರಯ್ಯನವರಂತಹ ಮಹಾನುಭಾವರು ಏಡನ್ ಮತ್ತು ಹೈದರಾಬಾದು ನಗರಗಳಿಗೆ ಒಳಚರಂಡಿಯ ಯೋಜನೆಯನ್ನು ಸಿದ್ಧಮಾಡಿ ಕೊಟ್ಟರು. ಅವರು ಆ ಕೆಲಸವನ್ನು ಕೀಳೆಂದು ಭಾವಿಸಲಿಲ್ಲ. ಅದರ ಬಗ್ಗೆ ಮಾತನಾಡಲು ನಾವೇಕೆ ನಾಚಬೇಕು?

ವಿದ್ಯಾರ್ಥಿಗಳು ಮಾಡಬಹುದಾದುದು ಇಷ್ಟು. ತಾವಿರುವ ಬೀದಿಯ ಕೊಳಚೆ ನೀರು ಯಾವ ಚರಂಡಿಯನ್ನು ಹಿಡಿದು, ಯಾವ ಹಳ್ಳಕ್ಕೆ, ಯಾವ ಕೆರೆಗೆ ಹೋಗುವುದೆಂದು ಒಂದು ಭಾನುವಾರ ನಡೆದು ನೋಡಿ ನಕ್ಷೆ ಬರೆಯಲಿ. ಗುಬ್ಬಿಯ ವಿದ್ಯಾರ್ಥಿ ಗುಬ್ಬಿಯದನ್ನೂ, ಕುಣಿಗಲ್ಲಿನವರು ಕುಣಿಗಲ್ಲಿನದನ್ನೂ ಬರೆಯಲಿ. ಮನೆಯ ಗುಂಡಿ ಕಡೆಯ ಬಾರಿ ಎಂದು ಖಾಲಿಯಾಯಿತು, ಆ ಟ್ಯಾಂಕರು ಎಲ್ಲಿಗೆ ಹೋಯಿತು ಎಂದು ಹಿರಿಯರನ್ನು ಕೇಳಲಿ. ಆ ನಕ್ಷೆಗಳನ್ನು ಒಂದೆಡೆ ಕೂಡಿಸಿದರೆ, ವಾರ್ಡಿನ ಸದಸ್ಯರ ಮುಂದೆ ಇಡಲು ಬೇರೆ ಅರ್ಜಿ ಬೇಕಾಗಲಾರದು. ನೀರು ಬಂದ ಹಾದಿಯನ್ನು ಬಲ್ಲ ನಾವು, ಅದು ಹೋಗುವ ಹಾದಿಯನ್ನೂ ತಿಳಿದುಕೊಳ್ಳೋಣ.